ಎಂಜಿನ್ ಸದ್ದು: ಎಲ್ಲಿಂದ ಅಂತ ಹುಡುಕುವ ಮೊದಲು ಯಾವಾಗ ಅಂತ ಕೇಳಿ

ಎರಡು ಚಳಿಗಾಲದ ಹಿಂದಿನ ಮಾತು. ಬೆಳಗ್ಗೆ ಆರೂವರೆಗೆ ಕಾರು ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಸದ್ದು. ಹೊಲಿಗೆ ಮಷಿನ್ ಓಡಿದ ಹಾಗೆ. ದಾವಣಗೆರೆಯಿಂದ ಚಿತ್ರದುರ್ಗದ ಅಕ್ಕನ ಮನೆಗೆ ಹೊರಟರೆ, ಆನಗೋಡು ದಾಟುವಷ್ಟರಲ್ಲಿ ಸದ್ದು ಮಾಯ. ವಾಪಸ್ ಬರುವಾಗಲೂ ಇಲ್ಲ. ಮರುದಿನ ಬೆಳಗ್ಗೆ ಮತ್ತೆ ಶುರು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಎರಡು ಸಲ ರೇಸ್ ಮಾಡಿ ನೋಡಿದರು. "ಟ್ಯಾಪೆಟ್ ಹೋಗಿದೆ, ಹೆಡ್ ಬಿಚ್ಚಬೇಕು, ಹದಿನೆಂಟು ಸಾವಿರ ಆಗುತ್ತೆ" ಅಂದರು. ಟ್ಯಾಪೆಟ್ ಅಂದರೆ ಎಂಜಿನ್ ವಾಲ್ವುಗಳನ್ನು ಒತ್ತಿ ತೆರೆಯುವ ಭಾಗ, ಹೆಡ್ ಅಂದರೆ ಎಂಜಿನ್‌ನ ಮೇಲ್ಭಾಗ. ನನಗೆ ಮನಸ್ಸು ಒಪ್ಪಲಿಲ್ಲ. ಹದಡಿ ರಸ್ತೆ ಕಡೆ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಅವರ ಹತ್ತಿರ ಹೋದೆ. ಅವರು ಬಾನೆಟ್ ಎತ್ತಲೇ ಇಲ್ಲ. ಸ್ಟೂಲ್ ಮೇಲೆ ಕೂರಿಸಿ ಕೇಳುತ್ತಾ ಹೋದರು.

"ಯಾವಾಗ ಬರುತ್ತೆ ಸರ್?"

"ಬೆಳಗ್ಗೆ ಚಾಚಾ."

"ಬೆಳಗ್ಗೆ ಮಾತ್ರನಾ, ಇಲ್ಲ ಮಧ್ಯಾಹ್ನ ನಾಲ್ಕು ತಾಸು ನಿಲ್ಲಿಸಿ ತೆಗೆದ್ರೂ ಬರುತ್ತಾ?"

"ನಾಲ್ಕು ತಾಸು ನಿಂತಿದ್ರೆ ಸ್ವಲ್ಪ ಬರುತ್ತೆ."

"ಆಕ್ಸಿಲರೇಟರ್ ಒತ್ತಿದಾಗ?"

"ಜಾಸ್ತಿ. ಏರು ಹತ್ತುವಾಗ ಇನ್ನೂ ಜಾಸ್ತಿ."

"ಹಂಗಾದ್ರೆ ನಾಳೆ ಗಾಡಿ ಸ್ಟಾರ್ಟ್ ಮಾಡ್ಬೇಡಿ. ನಾನೇ ಮನೆಗೆ ಬರ್ತೀನಿ."

ಬಂದರು. ಎಂಜಿನ್ ಇನ್ನೂ ತಣ್ಣಗಿದ್ದಾಗಲೇ ಟಾರ್ಚ್ ಹಿಡಿದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ನೋಡಿದರು. ಎಂಜಿನ್‌ನಿಂದ ಹೊಗೆಯನ್ನು ಸೈಲೆನ್ಸರ್ ಕಡೆ ಒಯ್ಯುವ ಎರಕದ ಭಾಗ ಅದು. ಹೆಡ್‌ಗೆ ಕೂತಿರುವ ಜಾಗದಲ್ಲಿ ಒಂದು ನಟ್ ಬಿದ್ದೇ ಹೋಗಿತ್ತು. ಪಕ್ಕದಲ್ಲಿ ಕಾಡಿಗೆ ತೀಡಿದಂತೆ ಕಪ್ಪು ಗೀರು. ಅಲ್ಲಿನ ಸಣ್ಣ ಸಂದಿನಿಂದ ಪ್ರತಿ ಸಲ ಹೊಗೆ ಚಿಮ್ಮುವಾಗ ಟಿಕ್ ಅನ್ನುತ್ತಿತ್ತು. ಲೋಹ ಬಿಸಿಯಾಗಿ ಹಿಗ್ಗಿದರೆ ಸಂದು ಮುಚ್ಚಿಕೊಳ್ಳುತ್ತದೆ, ಸದ್ದೂ ನಿಲ್ಲುತ್ತದೆ. ಗ್ಯಾಸ್ಕೆಟ್ (ಎರಡು ಭಾಗದ ನಡುವಿನ ಸಂದು ಮುಚ್ಚುವ ಪದರ), ನಟ್, ಕೂಲಿ ಎಲ್ಲ ಸೇರಿ ಎರಡು ಸಾವಿರ ದಾಟಲಿಲ್ಲ.

ಅವತ್ತಿನಿಂದ ನಾನು ಸದ್ದುಗಳನ್ನು ಬೇರೆ ರೀತಿಯಲ್ಲಿ ಕೇಳುತ್ತೇನೆ. ಬಾನೆಟ್ ಒಳಗೆ ಎಲ್ಲವೂ ಲೋಹ, ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಒಂದು ಕಡೆ ಹುಟ್ಟಿದ ಸದ್ದು ಇನ್ನೊಂದು ಕಡೆ ಕೇಳಿಸುತ್ತದೆ. ಹಾಗಾಗಿ "ಎಲ್ಲಿಂದ" ಅನ್ನುವ ವಿಷಯದಲ್ಲಿ ಕಿವಿ ಮೋಸ ಹೋಗುತ್ತದೆ. "ಯಾವಾಗ" ಅನ್ನುವ ವಿಷಯದಲ್ಲಿ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಕೆಳಗೆ ಬರೆದಿರುವ ಬಹುಪಾಲು ಪರೀಕ್ಷೆಗಳಿಗೆ ಪಾನಾ ಕೂಡ ಬೇಡ.

ತಕ್ಷಣ ನಿಲ್ಲಿಸಬೇಕಾದ ಸದ್ದುಗಳು

ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇಲ್ಲಿ ಪರೀಕ್ಷೆ ಮಾಡುತ್ತಾ ಕೂರಬಾರದು.

ಮೀಟರ್ ಬೋರ್ಡಿನಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ದೀಪ ಹತ್ತಿಕೊಂಡು, ಜೊತೆಗೆ ಎಂಜಿನ್ ಕಟಕಟ ಅನ್ನುತ್ತಿದ್ದರೆ ಆಗಲೇ ಪಕ್ಕಕ್ಕೆ ತೆಗೆದುಕೊಂಡು ಆಫ್ ಮಾಡಿ. ಮುಂದಿನ ಬಂಕ್‌ವರೆಗೆ ಹೋಗೋಣ ಅನ್ನಬೇಡಿ. ಪಿಸ್ಟನ್‌ಗಳ ಓಟದಿಂದ ತಿರುಗುವ ದಂಡ ಕ್ರ್ಯಾಂಕ್ ಶಾಫ್ಟ್. ಅದರ ಬೇರಿಂಗ್ ಒಳಗೆ ಲೋಹ ಲೋಹಕ್ಕೆ ತಾಗದಂತೆ ಕಾಯುವುದು ಒತ್ತಡದಲ್ಲಿ ಹರಿಯುವ ಆಯಿಲ್‌ನ ತೆಳು ಪೊರೆ. ಒತ್ತಡ ಹೋದರೆ ಆ ಪೊರೆ ಹರಿಯುತ್ತದೆ. ಕೆಲವೇ ನಿಮಿಷದಲ್ಲಿ ಎಂಜಿನ್ ಕೆಲಸಕ್ಕೆ ಬಾರದಂತಾಗುತ್ತದೆ.

ಎರಡನೆಯದು ಹೊಟ್ಟೆಯೊಳಗಿಂದ ಬಂದಂಥ ದಪ್ಪ ಟಣ್ ಟಣ್ ಸದ್ದು. ರೇಸ್ ಮಾಡಿದಂತೆ ಅದೂ ವೇಗವಾಗುತ್ತದೆ, ಲೋಡ್ (ಏರು, ಭಾರ) ಬಿದ್ದರೆ ಜೋರಾಗುತ್ತದೆ. ಇದು ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಲಕ್ಷಣ ಇರಬಹುದು. ಹಾಗೆಯೇ ಓಡಿಸಿದರೆ ರಾಡ್ ಮುರಿದು ಎಂಜಿನ್ ಬ್ಲಾಕನ್ನೇ ಒಡೆದು ಹೊರಗೆ ಬರಬಹುದು.

ಮೂರನೆಯದು ಟೆಂಪರೇಚರ್ ಮುಳ್ಳು ಮೇಲೇರಿ, ನೀರು ಕುದಿಯುವಂಥ ಬುಸ್ಸ್ ಸದ್ದು ಬರುವುದು. ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ. ಪೂರ್ತಿ ತಣ್ಣಗಾಗಲು ಅರ್ಧ ತಾಸಿಗಿಂತ ಜಾಸ್ತಿಯೇ ಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಇನ್ನೂ ಹೆಚ್ಚು.

ಹೆದ್ದಾರಿ 48ರಲ್ಲಿ ಹೀಗಾದರೆ ಎಡಕ್ಕೆ ಪೂರ್ತಿ ಸರಿಸಿ, ನಾಲ್ಕೂ ಇಂಡಿಕೇಟರ್ ಹಾಕಿ, ಹಿಂದೆ ತ್ರಿಕೋನ ಇಡಿ. ಮನೆಯವರನ್ನು ಕಾರಿನೊಳಗೆ ಕೂರಿಸಬೇಡಿ, ರಸ್ತೆಯಿಂದ ದೂರ ನಿಲ್ಲಿಸಿ. 1033ಕ್ಕೆ ಫೋನ್ ಮಾಡಿದರೆ ಹೆದ್ದಾರಿ ಸಹಾಯ ಸಿಗುತ್ತದೆ.

ಇಂಥ ಸದ್ದು ಅಲ್ಲದಿದ್ದರೆ ಮುಂದಕ್ಕೆ ಓದಿ.

ಎಂಜಿನ್ ಜೊತೆ ಏರುತ್ತಾ, ಚಕ್ರದ ಜೊತೆ ಏರುತ್ತಾ?

"ಎಂಜಿನ್ ಸದ್ದು" ಅಂತ ಬರುವ ಎಷ್ಟೋ ಕಾರುಗಳಲ್ಲಿ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಇದನ್ನು ಬೇರ್ಪಡಿಸುವುದು ಸುಲಭ. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಹ್ಯಾಂಡ್ ಬ್ರೇಕ್ ಹಾಕಿ, ನಿಧಾನಕ್ಕೆ ರೇಸ್ ಮಾಡಿ. ಸದ್ದು ಬಂತಾ? ಹಾಗಿದ್ದರೆ ಎಂಜಿನ್ ಅಥವಾ ಅದಕ್ಕೆ ಬೆಲ್ಟ್‌ನಿಂದ ಕಟ್ಟಿಕೊಂಡಿರುವ ಭಾಗಗಳು. ನಿಂತಾಗ ಬರದೆ, ಓಡುವಾಗ ಮಾತ್ರ ಬಂದರೆ ಇನ್ನೊಂದು ಪರೀಕ್ಷೆ. ಖಾಲಿ ಸಮ ರಸ್ತೆಯಲ್ಲಿ 50 ಕಿ.ಮೀ. ವೇಗದಲ್ಲಿ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಸಿ, ವೇಗ ಅಷ್ಟೇ ಇರಲಿ. ಎಂಜಿನ್ ಜೋರಾಯಿತು, ಚಕ್ರ ಮಾತ್ರ ಅದೇ ವೇಗದಲ್ಲಿದೆ. ಸದ್ದು ಬದಲಾಗದಿದ್ದರೆ ಅದು ಚಕ್ರದ ಕಡೆಯದು. ಗುಂಯ್ ಅಂತ ಒಂದೇ ಸಮನೆ ಬಂದು, ತಿರುವಿನಲ್ಲಿ ಒಂದು ಕಡೆಗೆ ತಿರುಗಿದಾಗ ಜಾಸ್ತಿಯಾದರೆ ವೀಲ್ ಬೇರಿಂಗ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟ್ ಕಟ್ ಅಂದರೆ ಆಕ್ಸಲ್‌ನ ಹೊರಗಿನ ಜಾಯಿಂಟ್. ಇವುಗಳಿಗಾಗಿ ಬಾನೆಟ್ ಎತ್ತಿ ಪ್ರಯೋಜನ ಇಲ್ಲ.

ಇನ್ನು ತಾಳ. ಇದು ನನಗೆ ಬಹಳ ಇಷ್ಟವಾದ ವಿಷಯ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟ್ ಒಂದೇ ಸುತ್ತು ತಿರುಗುತ್ತದೆ. ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ಇದೆ ಅನ್ನಿ. ಪ್ರತಿ ಸುತ್ತಿಗೂ ಬರುವ ಸದ್ದು ಸೆಕೆಂಡಿಗೆ 13 ಸಲ ಬರುತ್ತದೆ. ಒಂದು ವಾಲ್ವಿನ ಟ್ಯಾಪೆಟ್ ಸದ್ದು, ಅಥವಾ ಒಂದೇ ಸಿಲಿಂಡರಿನ ಹೊಗೆ ಸೋರುವ ಸದ್ದು, ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 6–7 ಸಲ. ಕಿವಿಯಿಂದ ಎಣಿಸುವುದು ಕಷ್ಟ. ಫೋನಿನಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಕಾಲು ವೇಗದಲ್ಲಿ ಹಾಕಿ ಕೇಳಿ. ಆಗ ಎಣಿಸಬಹುದು. ಐಡ್ಲಿಂಗ್ ಎಷ್ಟಿದೆ ಅಂತ ಮೀಟರಿನಲ್ಲಿ ನೋಡಿ ಬರೆದಿಟ್ಟುಕೊಂಡಿರಿ.

ಒಂದೊಂದನ್ನೇ ಬದಲಿಸಿ

ಸದ್ದು ಬರುತ್ತಿರುವಾಗಲೇ ಒಂದು ಸಂಗತಿ ಬದಲಿಸಿ, ಕೇಳಿ. ಮತ್ತೆ ಮೊದಲಿನ ಹಾಗೆ ಮಾಡಿ, ಕೇಳಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಏಸಿ ಹಾಕಿದ ಕೂಡಲೇ ಗರಗರ ಶುರುವಾಗಿ, ಆಫ್ ಮಾಡಿದ ಕೂಡಲೇ ನಿಂತರೆ ಕಂಪ್ರೆಸರ್ ಕಡೆ ನೋಡಿ. ಏಸಿ ಆಫ್ ಇದ್ದಾಗ ಗರಗರ ಬಂದು, ಆನ್ ಮಾಡಿದರೆ ನಿಂತರೆ ಅದು ಕಂಪ್ರೆಸರ್ ಪುಲ್ಲಿಯ (ಬೆಲ್ಟ್ ತಿರುಗಿಸುವ ಗಾಲಿಯ) ಬೇರಿಂಗ್ ಇರಬಹುದು. ಕಂಪ್ರೆಸರಿನ ಕ್ಲಚ್ ಕೂಡಿದ ಮೇಲೆ ಪುಲ್ಲಿ, ಶಾಫ್ಟ್ ಒಟ್ಟಿಗೆ ತಿರುಗುತ್ತವೆ, ಆ ಬೇರಿಂಗ್‌ಗೆ ಕೆಲಸವಿರುವುದಿಲ್ಲ. ಇದು ಗೊತ್ತಿಲ್ಲದೆ ಇಡೀ ಕಂಪ್ರೆಸರ್ ಬದಲಿಸಿದವರನ್ನು ನೋಡಿದ್ದೇನೆ.

ಕ್ಲಚ್ ಪೆಡಲ್ ಒತ್ತಿ. ಒತ್ತಿದಾಗ ಸದ್ದು ಶುರುವಾದರೆ ರಿಲೀಸ್ ಬೇರಿಂಗ್. ಒತ್ತಿದಾಗ ನಿಂತು, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ಒಂದೇ ಪೆಡಲ್ ಎರಡು ಉತ್ತರ ಕೊಡುತ್ತದೆ.

ಹಳೇ ಕಾರಿನಲ್ಲಿ ಎಣ್ಣೆಯ ಪವರ್ ಸ್ಟೇರಿಂಗ್ ಇದ್ದರೆ, ಸ್ಟೇರಿಂಗ್ ತಿರುಗಿಸುವಾಗ ಉಂಯ್ ಅಂತ ನರಳುತ್ತದಾ ನೋಡಿ. ಡಬ್ಬಿಯಲ್ಲಿ ಎಣ್ಣೆ ಕಡಿಮೆ ಇರುತ್ತದೆ, ಇಲ್ಲ ಗಾಳಿ ಸೇರಿಕೊಂಡಿರುತ್ತದೆ. ಈಚಿನ ಸಣ್ಣ ಕಾರುಗಳಲ್ಲಿ ಸ್ಟೇರಿಂಗ್‌ಗೆ ಕರೆಂಟ್ ಮೋಟಾರ್ ಇರುವುದರಿಂದ ಈ ಮಾತು ಅವಕ್ಕೆ ಅನ್ವಯಿಸುವುದಿಲ್ಲ.

ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಒಟ್ಟಿಗೆ ಹಾಕಿದರೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಮೇಲೆ ಭಾರ ಬೀಳುತ್ತದೆ. ಆಗ ಬೆಲ್ಟ್ ಕಿರುಚಿದರೆ ಬೆಲ್ಟ್ ಜಾರುತ್ತಿದೆ.

ಬೆಲ್ಟ್ ಕಡೆಯ ಕಿರುಚಾಟ

ಬೆಲ್ಟ್ ಸದ್ದು ಎರಡು ಥರ. ಚಿಂವ್ ಚಿಂವ್ ಅಂತ ಗುಬ್ಬಿ ಕೂಗಿದಂತೆ ತುಂಡು ತುಂಡಾಗಿ ಬರುವುದು ಒಂದು. ಕೀಂ ಅಂತ ಎಳೆದು ಕಿರುಚುವುದು ಇನ್ನೊಂದು. ಒಂದು ಸ್ಪ್ರೇ ಬಾಟಲಿಯಲ್ಲಿ ಬರೀ ನೀರು ತುಂಬಿ, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಬೆಲ್ಟಿನ ಗೀರು ಇರುವ ಒಳಮೈಗೆ ದೂರದಿಂದಲೇ ಸ್ವಲ್ಪ ಸಿಂಪಡಿಸಿ. ಸದ್ದು ಒಂದು ಗಳಿಗೆ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ, ಇಲ್ಲವೇ ಬೆಲ್ಟ್ ಗೀರುಗಳು ಸವೆದಿವೆ. ನೀರು ಬಿದ್ದ ಕೂಡಲೇ ಇನ್ನೂ ಜೋರಾದರೆ ಬೆಲ್ಟ್ ಬಿಗಿ ಸಾಲದು. ಬೆಲ್ಟನ್ನು ಬಿಗಿ ಹಿಡಿಯುವ ಟೆನ್ಷನರ್ ನೋಡಬೇಕು.

ಬಾನೆಟ್ ತೆರೆದು ಎಂಜಿನ್ ಓಡುವಾಗ ಟವೆಲ್, ದುಪಟ್ಟಾ, ಬಿಟ್ಟ ಕೂದಲು, ಕೈಗೆ ಕಟ್ಟಿದ ದಾರ, ಬಳೆ ಯಾವುದೂ ಹತ್ತಿರ ಬರಬಾರದು. ರೇಡಿಯೇಟರ್ ಫ್ಯಾನ್ ತಾನಾಗಿಯೇ ಶುರುವಾಗುತ್ತದೆ. ಹಲವು ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಮೇಲೂ ತಿರುಗಬಹುದು. ಪಕ್ಕದಲ್ಲಿ ಮಕ್ಕಳಿದ್ದರೆ ಮೊದಲು ಅವರನ್ನು ಒಳಗೆ ಕಳಿಸಿ.

ಬೆಲ್ಟ್ ಹಾಳಾಗಿಲ್ಲ, ಆದರೆ ಗರಗರ ಅಂತ ಬರುತ್ತಿದೆ ಅನ್ನಿ. ಆಗ ಬೇರಿಂಗ್ ಹುಡುಕಬೇಕು. ಆಲ್ಟರ್ನೇಟರ್, ವಾಟರ್ ಪಂಪ್, ಟೆನ್ಷನರ್, ಐಡ್ಲರ್, ಇಷ್ಟರಲ್ಲಿ ಒಂದು. ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ತಿರುಗದ ಜಾಗಕ್ಕೆ, ಅಂದರೆ ಭಾಗದ ಮೈಗೆ ಅಥವಾ ಬೋಲ್ಟಿಗೆ ಇಟ್ಟು, ಹಿಡಿಯನ್ನು ಕಿವಿ ಹಿಂದಿನ ಮೂಳೆಗೆ ತಾಗಿಸಿ. ಒಳ್ಳೆಯ ಬೇರಿಂಗ್ ಸುಯ್ ಅನ್ನುತ್ತದೆ. ಹಾಳಾದದ್ದು ಮರಳು ಅರೆದಂತೆ ಕೇಳಿಸುತ್ತದೆ. ಅಂಗಡಿಯಲ್ಲಿ ಮೆಕ್ಯಾನಿಕ್ ಸ್ಟೆತಸ್ಕೋಪ್ ಸಿಗುತ್ತದೆ, ಕಿವಿಗೆ ಅದೇ ಕ್ಷೇಮ.

ಇಷ್ಟಾದರೂ ಖಾತ್ರಿ ಆಗದಿದ್ದರೆ ಎಂಜಿನ್ ಆಫ್ ಮಾಡಿ, ಹೊರಗಿನ ಈ ಬೆಲ್ಟ್ ಬಿಚ್ಚಿ, ಅರ್ಧ ನಿಮಿಷ ಮಾತ್ರ ಸ್ಟಾರ್ಟ್ ಮಾಡಿ. ಸದ್ದು ಹೋಯಿತು ಅಂದರೆ ಬೆಲ್ಟ್ ತಿರುಗಿಸುತ್ತಿದ್ದ ಯಾವುದೋ ಭಾಗದ್ದು. ಹಾಗೇ ಇದ್ದರೆ ಎಂಜಿನ್ ಒಳಗಿನದು. ಬೆಲ್ಟ್ ಇಲ್ಲದಿದ್ದರೆ ಬಹಳ ಕಾರುಗಳಲ್ಲಿ ವಾಟರ್ ಪಂಪ್ ತಿರುಗುವುದಿಲ್ಲ, ಅದಕ್ಕೇ ಅರ್ಧ ನಿಮಿಷ. ಬೆಲ್ಟ್ ಬಿಚ್ಚಿದಾಗಲೇ ಪ್ರತಿ ಪುಲ್ಲಿಯನ್ನೂ ಕೈಯಲ್ಲಿ ತಿರುಗಿಸಿ ನೋಡಿ. ತಡೆದು ತಡೆದು ತಿರುಗುವುದು, ಆ ಕಡೆ ಈ ಕಡೆ ಅಲುಗಾಡುವುದು ಕಳ್ಳ.

ಬೆಲ್ಟಿಗೆ ಕೊಬ್ಬರಿ ಎಣ್ಣೆ, ಗ್ರೀಸ್, ಸೋಪು ಹಚ್ಚಬೇಡಿ. ಸದ್ದು ನಿಲ್ಲುತ್ತದೆ, ಬೆಲ್ಟೂ ಬೇಗ ಹಾಳಾಗುತ್ತದೆ.

ಟಿಕ್ ಟಿಕ್: ನಾಲ್ಕು ಬೇರೆ ಬೇರೆ ಕಾರಣ, ಒಂದೇ ಸದ್ದು

ನನ್ನ ಕಾರಿನ ಕಥೆ ಇಲ್ಲಿಗೆ ಸೇರುತ್ತದೆ. ಟಿಕ್ ಟಿಕ್ ಅಂದರೆ ಟ್ಯಾಪೆಟ್ ಅಂತಲೇ ಜನ ಹೇಳುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಡಿಪ್ ಸ್ಟಿಕ್. ಸಮ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಒರೆಸಿ, ಮತ್ತೆ ಅದ್ದಿ ನೋಡಿ. ಎರಡು ಗುರುತಿನ ನಡುವೆ ಇರಬೇಕು. ಕೆಳಗಿನ ಗುರುತಿಗಿಂತ ಕಡಿಮೆ ಇದ್ದರೆ ಮೊದಲು ಸರಿಯಾದ ಗ್ರೇಡಿನ ಆಯಿಲ್ ಹಾಕಿ, ಆಮೇಲೆ ಸದ್ದು ಕೇಳಿ. ಎಷ್ಟೋ ಸಲ ಕಥೆ ಅಲ್ಲೇ ಮುಗಿಯುತ್ತದೆ. ಆಯಿಲ್ ಎಲ್ಲಿಗೆ ಹೋಯಿತು ಅನ್ನುವುದು ಮಾತ್ರ ಉಳಿಯುತ್ತದೆ. ಅದನ್ನೂ ಬಿಡಬೇಡಿ.

ಆಯಿಲ್ ಸರಿ ಇದ್ದರೆ ಈಗ "ಯಾವಾಗ" ಅನ್ನುವುದು ಬೇಕು. ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ, ಲೋಡ್ ಬಿದ್ದಾಗ ಜೋರು ಅಂದರೆ ಮ್ಯಾನಿಫೋಲ್ಡ್ ಸೋರಿಕೆ. ಕಪ್ಪು ಮಸಿಯ ಗೀರು ಹುಡುಕಿ. ತಣ್ಣಗಿದ್ದಾಗಲೇ ನೋಡಬೇಕು, ಬಿಸಿ ಮ್ಯಾನಿಫೋಲ್ಡ್ ಕೈ ಸುಡುತ್ತದೆ. ಲೋಡ್ ಇದ್ದರೂ ಇಲ್ಲದಿದ್ದರೂ ಒಂದೇ ಥರ, ಎಂಜಿನ್ ಮೇಲ್ಭಾಗದಿಂದ ಬರುತ್ತಿದ್ದರೆ ಟ್ಯಾಪೆಟ್. ಅಡ್ಜಸ್ಟ್ ಮಾಡುವ ಟ್ಯಾಪೆಟ್ ಇರುವ ಎಂಜಿನ್‌ಗಳಲ್ಲಿ ವಾಲ್ವ್ ಸಂದು ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಮೂರು ಭಾಗದಷ್ಟು ಇರುತ್ತದೆ. ನಿಮ್ಮ ಕಾರಿನ ಲೆಕ್ಕ ಅದರ ಪುಸ್ತಕದಲ್ಲಿರುತ್ತದೆ. ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ ಹೊಂದಿಸಬೇಕು. ಸದ್ದು ಬೇಡ ಅಂತ ಸಂದು ತೀರಾ ಬಿಗಿ ಮಾಡಿಸಬೇಡಿ. ವಾಲ್ವ್ ಪೂರ್ತಿ ಮುಚ್ಚದೆ ಸುಟ್ಟು ಹೋಗುತ್ತದೆ. ಸ್ವಲ್ಪ ಟಿಕ್ ಅನ್ನುವ ಟ್ಯಾಪೆಟ್, ಬಾಯಿ ಮುಚ್ಚಿದ ಟ್ಯಾಪೆಟ್‌ಗಿಂತ ಒಳ್ಳೆಯದು ಅಂತ ಚಾಚಾ ಹೇಳುತ್ತಾರೆ, ಅದು ನಿಜ.

ಹೈಡ್ರಾಲಿಕ್ ಟ್ಯಾಪೆಟ್ (ಆಯಿಲ್ ಒತ್ತಡದಿಂದ ಸಂದನ್ನು ತಾನೇ ಹೊಂದಿಸಿಕೊಳ್ಳುವುದು) ಇರುವ ಎಂಜಿನ್‌ನಲ್ಲಿ ರಾತ್ರಿ ನಿಂತು ಬೆಳಗ್ಗೆ ತೆಗೆದಾಗ ಕೆಲವು ಸೆಕೆಂಡ್ ಟಿಕ್ ಅಂದು ನಿಂತರೆ ಅಷ್ಟು ಚಿಂತೆ ಬೇಡ. ಒಳಗೆ ಆಯಿಲ್ ತುಂಬುವವರೆಗೆ ಮಾತ್ರ ಅದು. ನಿಲ್ಲದೇ ಮುಂದುವರಿದರೆ ಆಯಿಲ್ ಹಳೆಯದಾಗಿರಬಹುದು, ಇಲ್ಲ ಒತ್ತಡ ಕಡಿಮೆ.

ನಾಲ್ಕನೆಯದು ದೋಷವೇ ಅಲ್ಲ. ಇಂಧನ ಚಿಮ್ಮಿಸುವ ಇಂಜೆಕ್ಟರ್‌ಗಳು ತಾವೇ ಟಿಕ್ ಟಿಕ್ ಅನ್ನುತ್ತವೆ. ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಒಂದು ಸಣ್ಣ ವಾಲ್ವ್ ಇದೆ, ಅದೂ ಬಿಟ್ಟು ಬಿಟ್ಟು ಟಿಕ್ ಅನ್ನುತ್ತದೆ. ಕಾರು ಹೊಸದಿದ್ದಾಗಲೂ ಈ ಸದ್ದು ಇತ್ತಾ ಅನ್ನುವುದೇ ಇಲ್ಲಿ ಪ್ರಶ್ನೆ. ಅದಕ್ಕೇ ಹೇಳುತ್ತೇನೆ, ಕಾರು ಚೆನ್ನಾಗಿರುವಾಗಲೇ ಒಮ್ಮೆ ತಣ್ಣಗೆ, ಒಮ್ಮೆ ಬಿಸಿ ಇರುವಾಗ, ಬಾನೆಟ್ ತೆರೆದು ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ.

ಏರು ಹತ್ತುವಾಗ ಮಾತ್ರ

ಜೋಗಿಮಟ್ಟಿ ಕಡೆಯ ಏರು ಹತ್ತುವಾಗ, ಅಥವಾ ಐದು ಜನ ಕೂತು ಹೆಚ್ಚಿನ ಗೇರಿನಲ್ಲೇ ಎಳೆಸುವಾಗ, ಗೋಲಿ ಡಬ್ಬಿ ಅಲ್ಲಾಡಿಸಿದಂತೆ ಕಟಕಟ ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ನಿಂತರೆ ಅದು ಪೆಟ್ರೋಲ್ ಎಂಜಿನ್‌ನ ಪಿಂಗಿಂಗ್. ಸಿಲಿಂಡರಿನಲ್ಲಿ ಇಂಧನ ಪ್ಲಗ್ಗಿನ ಕಿಡಿಯಿಂದ ಕ್ರಮವಾಗಿ ಉರಿಯದೆ, ಉಳಿದ ಭಾಗ ತಾನಾಗಿಯೇ ಸಿಡಿಯುತ್ತದೆ. ಮೊದಲು ಗೇರ್ ಒಂದು ಇಳಿಸಿ ನೋಡಿ. ಅಷ್ಟರಿಂದಲೇ ನಿಂತರೆ ಓಡಿಸುವ ರೀತಿಯದೂ ಪಾಲಿದೆ. ನಿಲ್ಲದಿದ್ದರೆ ಪ್ಲಗ್ ಸರಿಯಾದ ನಂಬರಿನದಾ, ಎಂಜಿನ್ ಹೆಚ್ಚು ಬಿಸಿಯಾಗುತ್ತಿದೆಯಾ, ಒಳಗೆ ಕಾರ್ಬನ್ ಕಟ್ಟಿದೆಯಾ, ಈ ಸದ್ದನ್ನು ಪತ್ತೆ ಹಚ್ಚುವ ನಾಕ್ ಸೆನ್ಸರ್ ಕೆಲಸ ಮಾಡುತ್ತಿದೆಯಾ ಅಂತ ನೋಡಿಸಿ. ಸುಮ್ನೆ ಬಿಟ್ಟರೆ ಪಿಸ್ಟನ್ ತೂತಾಗಬಹುದು.

ನಮ್ಮ ಕಡೆ ಎಂಜಿನ್ ಹೆಚ್ಚು ಬಿಸಿಯಾಗಲು ಒಂದು ಸಾಮಾನ್ಯ ಕಾರಣ ಬೋರ್ ನೀರು. ಕೂಲಂಟ್ ಕಡಿಮೆಯಾದಾಗ ಬೋರ್ ನೀರು ತುಂಬಿಸುತ್ತಾರೆ. ಪಾತ್ರೆ ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ನೋಡಿದ್ದೀರಲ್ವಾ? ಅದೇ ಪದರ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಶಾಖ ಹೊರಗೆ ಹೋಗುವುದಿಲ್ಲ, ವಾಟರ್ ಪಂಪಿನ ಸೀಲೂ ಹಾಳು. ಕೂಲಂಟ್ ಸಿಗದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಹಾಕಿ, ಆಮೇಲೆ ಬದಲಿಸಿಕೊಳ್ಳಿ.

ದಪ್ಪ ಸದ್ದು ಯಾವ ಸಿಲಿಂಡರಿನದು ಅಂತ ತಿಳಿಯಲು ಮೆಕ್ಯಾನಿಕ್‌ಗಳು ಒಂದೊಂದೇ ಸಿಲಿಂಡರ್ ಬಂದ್ ಮಾಡುತ್ತಾರೆ. ಬಂದ್ ಮಾಡಿದಾಗ ಸದ್ದು ತಗ್ಗಿದರೆ ಅದೇ ಸಿಲಿಂಡರ್. ಪೆಟ್ರೋಲ್ ಕಾರಿನಲ್ಲಿ ಇಂಜೆಕ್ಟರ್ ಕನೆಕ್ಟರ್ ತೆಗೆದು, ಕೆಲವೇ ಸೆಕೆಂಡ್ ಮಾತ್ರ ಇದನ್ನು ಮಾಡಬೇಕು. ಬರೀ ಕಾಯಿಲ್ (ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡುವುದು) ತೆಗೆದರೆ ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಕಾಮನ್ ರೈಲ್ ಡೀಸೆಲ್ ಕಾರಿನಲ್ಲಿ ಇಂಜೆಕ್ಟರ್ ಪೈಪ್ ನಟ್ ಸಡಿಲಿಸುವ ಹಳೇ ಕಾಲದ ಪದ್ಧತಿ ಯಾರಾದರೂ ಮಾಡಹೊರಟರೆ ತಡೆಯಿರಿ. ಆ ಪೈಪಿನಲ್ಲಿ ಸಾವಿರ ಬಾರ್ ದಾಟಿದ ಒತ್ತಡ ಇರಬಹುದು. ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಯೇ ನೋಡಬೇಕು.

ಸ್ಟಾರ್ಟ್ ಮಾಡಿದ ಮೊದಲ ಮೂರು ಸೆಕೆಂಡ್

ಸೆಲ್ಫ್ ಹೊಡೆದ ಕೂಡಲೇ ಸೈಕಲ್ ಚೈನ್ ಡಬ್ಬಿಗೆ ಬಡಿದಂತೆ ಲಟಲಟ ಬಂದು ಎರಡು ಮೂರು ಸೆಕೆಂಡಿಗೆ ನಿಂತರೆ, ಕ್ರ್ಯಾಂಕ್ ಮತ್ತು ಕ್ಯಾಮ್ ಶಾಫ್ಟನ್ನು ಜೋಡಿಸುವ ಟೈಮಿಂಗ್ ಚೈನ್ ಮೇಲೆ ಗಮನ ಇಡಿ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ಹಲವು ಎಂಜಿನ್‌ಗಳಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಒತ್ತಡ ಏರುವವರೆಗೆ ಚೈನ್ ಸಡಿಲ ಇರುತ್ತದೆ. ನಮ್ಮ ಊರಿನ ಟ್ಯಾಕ್ಸಿಗಳಲ್ಲಿ ಬಹಳ ಕಾಲ ಓಡಿದ 1248 ಸಿಸಿ ಡೀಸೆಲ್ ಎಂಜಿನ್ ಕೂಡ ಚೈನಿನದೇ. ಚೈನ್ ಜೀವನ ಪೂರ್ತಿ ಬರುತ್ತದೆ ಅಂತ ಹೇಳುವವರಿದ್ದಾರೆ. ಆಯಿಲ್ ಬದಲಿಸುವುದು ತಡವಾದ ಎಂಜಿನ್‌ನಲ್ಲಿ ಆ ಮಾತು ನಂಬಬೇಡಿ. ಸದ್ದು ಮೂರು ಸೆಕೆಂಡಿನಿಂದ ಹತ್ತಕ್ಕೆ ಏರಿದರೆ ತಡ ಮಾಡದೆ ತೋರಿಸಿ. ಚೈನ್ ಹಲ್ಲು ಜಿಗಿದರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ, ಆಮೇಲೆ ಲೆಕ್ಕ ಸಾವಿರಗಳಲ್ಲಿ ನಿಲ್ಲುವುದಿಲ್ಲ.

ತಣ್ಣಗಿದ್ದಾಗ ಮಂದವಾಗಿ ದಬ್ ದಬ್ ಅಂದು, ಬಿಸಿಯಾದ ಮೇಲೆ ಪೂರ್ತಿ ಹೋದರೆ ಪಿಸ್ಟನ್ ಸ್ಲ್ಯಾಪ್, ಅಂದರೆ ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವುದು ಇರಬಹುದು. ಹಳೇ ಎಂಜಿನ್‌ನಲ್ಲಿ ಇದರ ಜೊತೆ ವರ್ಷಗಟ್ಟಲೆ ಓಡಿಸುವವರಿದ್ದಾರೆ. ಆಯಿಲ್ ಕುಡಿಯುತ್ತಿಲ್ಲ, ನೀಲಿ ಹೊಗೆ ಇಲ್ಲ ಅಂದರೆ ಅವಸರ ಬೇಡ.

ಬುಸ್, ಧಡ್, ಝಣ್

ಬುಸ್ ಅಂತ ಗಾಳಿ ಎಳೆಯುವ ಸದ್ದು, ಜೊತೆಗೆ ಐಡ್ಲಿಂಗ್ ಏರಿಳಿತ ಇದ್ದರೆ ಇನ್‌ಟೇಕ್ (ಗಾಳಿ ಒಳಗೆ ಹೋಗುವ) ಕಡೆಯ ಯಾವುದೋ ರಬ್ಬರ್ ಪೈಪ್ ಬಿರಿದಿದೆ. ಟರ್ಬೊ ಡೀಸೆಲ್‌ನಲ್ಲಿ ರೇಸ್ ಮಾಡಿದಾಗ ಬುಸ್ಸ್, ಎಳೆತ ಕಡಿಮೆ, ಕಪ್ಪು ಹೊಗೆ ಮೂರೂ ಸೇರಿದರೆ ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಪೈಪ್ ನೋಡಿ.

ಆನ್, ಆಫ್ ಮಾಡುವಾಗ ಧಡ್ ಅಂತ ಒದ್ದಂತಾದರೆ ಎಂಜಿನ್ ಫೌಂಡೇಶನ್ ರಬ್ಬರ್. ಐಡ್ಲಿಂಗ್‌ನಲ್ಲಿ ಏಸಿ ಹಾಕಿದರೆ ಸ್ಟೇರಿಂಗ್ ನಡುಗುವುದೂ ಅದರದೇ ಗುರುತು.

ಒಂದು ನಿರ್ದಿಷ್ಟ ರೇಸಿನಲ್ಲಿ ಮಾತ್ರ ಝಣ್ ಅಂದು, ಮುಂದೆ ಹೋದರೆ ನಿಲ್ಲುವ ತಗಡಿನ ಸದ್ದು ಸೈಲೆನ್ಸರಿನ ಹೀಟ್ ಶೀಲ್ಡ್. ತಣ್ಣಗಿದ್ದಾಗ ಕೈಯಿಂದ ತಟ್ಟಿ ನೋಡಿ, ಅದೇ ಸದ್ದು ಬರುತ್ತದೆ. ಒಂದು ಹೋಸ್ ಕ್ಲಿಪ್ ಸುತ್ತಿ ಬಿಗಿದರೆ ಆಯಿತು. ಕಿತ್ತು ಬಿಸಾಡಬೇಡಿ, ಬೆಂಕಿ ತಡೆಯಲೆಂದೇ ಅದು ಅಲ್ಲಿರುವುದು.

ನಮ್ಮ ರಸ್ತೆ, ನಮ್ಮ ಇಲಿ

ಜಗಳೂರು, ಚಳ್ಳಕೆರೆ ಕಡೆಯ ಊರ ರಸ್ತೆಗಳಲ್ಲಿ ಸುಗ್ಗಿ ಕಾಲಕ್ಕೆ ಹುರುಳಿ, ರಾಗಿ, ಮೆಕ್ಕೆಜೋಳ ರಸ್ತೆ ಮೇಲೆಯೇ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಹೋದ ಮೇಲೆ ಕೆಳಗಿನಿಂದ ಸರ ಸರ, ಚರ್ ಚರ್ ಅಂತ ಉಜ್ಜುವ ಸದ್ದು ಬಂದರೆ ದಯವಿಟ್ಟು ಮುಂದಕ್ಕೆ ಓಡಿಸಬೇಡಿ. ಹುಲ್ಲು ಆಕ್ಸಲ್‌ಗೆ ಸುತ್ತಿಕೊಂಡಿರುತ್ತದೆ, ಬಿಸಿ ಸೈಲೆನ್ಸರಿಗೂ ತಾಗಿರುತ್ತದೆ. ಕಾರಿಗೆ ಬೆಂಕಿ ಹತ್ತುವುದು ಹೀಗೆಯೇ. ಹುಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಎಲ್ಲರೂ ಇಳಿದು, ಕೆಳಗೆ ಬಗ್ಗಿ ನೋಡಿ. ಸಿಕ್ಕಿಕೊಂಡದ್ದನ್ನು ಕೋಲಿನಿಂದ ತೆಗೆಯಿರಿ. ನೀರಿನ ಬಾಟಲಿ ಪಕ್ಕದಲ್ಲಿರಲಿ.

ಭದ್ರಾ ಕಾಲುವೆ ಬಯಲಿನ ಊರುಗಳಲ್ಲಿ ಗದ್ದೆ ಇಲಿ ಜಾಸ್ತಿ. ಭತ್ತ ಕೊಯ್ದ ಮೇಲೆ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುತ್ತವೆ. ಕಾರಿನಲ್ಲಿ ಮಂಡಕ್ಕಿ ಚೆಲ್ಲಿದ್ದರಂತೂ ಕರೆದು ಕೂರಿಸಿದ ಹಾಗೆ. ವೈರ್ ಕಡಿದರೆ ಒಂದು ಸಿಲಿಂಡರ್ ಮಿಸ್ ಆಗಿ ಎಂಜಿನ್ ಕುಂಟುತ್ತದೆ. ಸೈಲೆನ್ಸರಿನಲ್ಲಿ ಪಟ್... ಪಟ್ ಅಂತ ತಾಳ ತಪ್ಪುತ್ತದೆ. ಎಂಜಿನ್ ದೀಪ ಮಿನುಗತೊಡಗಿದರೆ ಜೋರಾಗಿ ಓಡಿಸಬೇಡಿ. ಸ್ಕ್ಯಾನರ್ ಹಾಕಿದಾಗ ಪಿ0301 ಬಂದರೆ ಒಂದನೇ ಸಿಲಿಂಡರ್, ಪಿ0302 ಬಂದರೆ ಎರಡನೆಯದು, ಹೀಗೆ. ಕಾಯಿಲ್, ಪ್ಲಗ್ ತರುವ ಮೊದಲು ಆ ಸಿಲಿಂಡರಿನ ವೈರ್ ಕಡಿದಿದೆಯಾ ನೋಡಿ. ಫ್ಯಾನಿಗೆ ಇಲಿ ಗೂಡಿನ ಕಸ ಸಿಕ್ಕಿ ತಟ ತಟ ಅಂದದ್ದನ್ನೂ ಕಂಡಿದ್ದೇನೆ.

ಹಂಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ಸಲ ಜೋರಾಗಿ ತಾಗಿದ ಮೇಲೆ ಹೊಸ ಸದ್ದು ಬಂದಿದ್ದರೆ ಮೊದಲು ಕೆಳಗೆ ನೋಡಿ. ಸೈಲೆನ್ಸರ್ ರಬ್ಬರ್ ಕಿತ್ತಿರುತ್ತದೆ, ಇಲ್ಲ ಆಯಿಲ್ ಚೇಂಬರ್ ಒಳಗೆ ಬಾಗಿರುತ್ತದೆ. ಬಾಗಿದ ಚೇಂಬರ್ ಆಯಿಲ್ ಎಳೆಯುವ ಪೈಪನ್ನೇ ಒತ್ತಬಹುದು. ಒಂದು ಹನಿ ಸೋರದಿದ್ದರೂ ಅದನ್ನು ಬಿಚ್ಚಿಸಿ ನೋಡಿಸಿ.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಒಂದು ಎಚ್ಚರ. ಸವೆದ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿದರೆ ಟಣ್ ಟಣ್ ಕೆಲವು ದಿನ ಮುಚ್ಚಿಕೊಳ್ಳುತ್ತದೆ. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಗ್ಗೆ ಬರುತ್ತೇನೆ ಅನ್ನಿ.

ಗ್ಯಾರೇಜಿಗೆ ಹೋಗುವಾಗ

ಒಂದು ಚೀಟಿ ಬರೆದುಕೊಂಡು ಹೋಗಿ. ನನ್ನದು ಹೀಗಿತ್ತು: "ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್. ಸುಮಾರು 15 ಕಿ.ಮೀ. ಆದ ಮೇಲೆ ಇಲ್ಲ. ಏರಿನಲ್ಲಿ ಜಾಸ್ತಿ. ಏಸಿ, ಕ್ಲಚ್, ಸ್ಟೇರಿಂಗ್‌ನಿಂದ ವ್ಯತ್ಯಾಸ ಇಲ್ಲ. ಆಯಿಲ್ ಸರಿ ಇದೆ. ಮೂರು ವಾರದಿಂದ." ಕೊನೆಯ ಮಾತು ಮರೆಯಬೇಡಿ. ಯಾವ ಕೆಲಸ ಮಾಡಿಸಿದ ಮೇಲೆ ಸದ್ದು ಶುರುವಾಯಿತು ಅನ್ನುವುದನ್ನೂ ಸೇರಿಸಿ. ಸರ್ವಿಸ್ ಆದ ಮರುದಿನ ಶುರುವಾದ ಸದ್ದಿಗೆ ಎಂಜಿನ್ ಬಿಚ್ಚುವ ಮೊದಲು, ಬಿಗಿಯಲು ಮರೆತ ನಟ್ಟನ್ನು ಹುಡುಕಬೇಕು.

ಬೆಳಗ್ಗೆ ಮಾತ್ರ ಬರುವ ಸದ್ದಿಗೆ ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟು ಬನ್ನಿ. "ಬೆಳಗ್ಗೆ ನೀವೇ ಮೊದಲು ಸ್ಟಾರ್ಟ್ ಮಾಡಿ ಕೇಳಿ ಅಣ್ಣಾ" ಅನ್ನಿ. ಹೆಡ್ ಬಿಚ್ಚಬೇಕು ಅಂದರೆ, ಯಾವ ಪರೀಕ್ಷೆಯಿಂದ ಗೊತ್ತಾಯಿತು ಅಂತ ಕೇಳಿ. ಕಂಪ್ರೆಷನ್ ನೋಡಿದಿರಾ, ಆಯಿಲ್ ಪ್ರೆಷರ್‌ಗೆ ಗೇಜ್ ಹಾಕಿದಿರಾ? ಒಳ್ಳೆಯ ಮೆಕ್ಯಾನಿಕ್ ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ, ಕರೆದು ತೋರಿಸುತ್ತಾರೆ. ತೆಗೆದ ಹಳೇ ಸಾಮಾನು ಕೇಳಿ ಇಸ್ಕೊಳ್ಳಿ.

ರಿಪೇರಿ ಆದ ಮೇಲೆ ಸದ್ದು ಬರುತ್ತಿದ್ದ ಅದೇ ಸ್ಥಿತಿಯಲ್ಲೇ ನೋಡಬೇಕು. ಬಿಸಿ ಎಂಜಿನ್‌ನಲ್ಲಿ ಗ್ಯಾರೇಜ್ ಮುಂದೆ ಒಂದು ಸುತ್ತು ಹೊಡೆದರೆ ಬೆಳಗಿನ ಸದ್ದಿನ ಬಗ್ಗೆ ಏನೂ ತಿಳಿಯುವುದಿಲ್ಲ. ಚಾಚಾ ನನ್ನ ಕಾರಿಗೆ ಗ್ಯಾಸ್ಕೆಟ್ ಹಾಕಿದ ಮೇಲೆ ಆಗಲೇ ದುಡ್ಡು ತಗೊಳ್ಳಲಿಲ್ಲ. "ಮೂರು ದಿನ ಬೆಳಗ್ಗೆ ಸ್ಟಾರ್ಟ್ ಮಾಡಿ ಕೇಳಿ ಸರ್, ಆಮೇಲೆ ಬನ್ನಿ, ನಟ್ ಇನ್ನೊಂದು ಸಲ ಬಿಗೀಬೇಕು" ಅಂದರು. ನಾಲ್ಕನೇ ದಿನ ಹೋದೆ. ಎರಡು ನಟ್ ಕಾಲು ಸುತ್ತು ತಿರುಗಿದವು.